ಅಮಾವಾಸ್ಯೆಯ ಗಡುವು

ರಾಯದುರ್ಗ

ಹೊಲಿಗೆ ಯೂನಿಟ್ಟಿನ ಮಾಲೀಕರಾದ ಹರೀಶ್ ಅವರಿಗೆ,

ಜೀನ್ಸ್ ಪ್ಯಾಂಟುಗಳನ್ನು 'ಬೈ ಮಂಡೆ' ಕೊಡಬೇಕೆಂದು ಇಂಗ್ಲಿಷಿನಲ್ಲಿ ಚೀಟಿ ಬರೆದವರು ನೀವು. "ಸೋಮವಾರನೂ ಸೇರಿ ಏನ್ರಿ?" ಎಂದು ನಾನು ಕೇಳಿದ್ದಕ್ಕೆ, "ಓದಾಕ ಬರಂಗಿಲ್ಲೇನಮ್ಮ?" ಎಂದು ನಕ್ಕಿರಿ.

ಆ ಸೋಮವಾರ ಅಮಾವಾಸ್ಯೆ. ಆ ದಿನ ಮಿಷನ್ ತುಳಿಯಬಾರದೆಂದು ಭಾನುವಾರವೇ ಹೊಲಿದು ಮುಗಿಸಿ, ಸೋಮವಾರ ಬೆಳಿಗ್ಗೆ ಗಂಟು ಹೊತ್ತು ತಂದೆ. ನೀವು ಮಿಷನ್ನುಗಳಿಗೆ ಪೂಜೆ ಮುಗಿಸಿ, ಬೀಗ ಜಡಿದು ಕಣೇಕಲ್ಲಿಗೆ ಹೋಗಿದ್ದಿರಿ. ಸಂಜೆಯವರೆಗೂ ನಿಮ್ಮ ಬಾಗಿಲಲ್ಲೇ ಕೂತಿದ್ದೆ. ಮರುದಿನ "ಲೇಟಾತು" ಎಂದು, ನನ್ನ ಮನೆಯಲ್ಲಿಟ್ಟಿದ್ದ ನಿಮ್ಮ ಮಿಷನ್ನನ್ನು ಹೊರಿಸಿಕೊಂಡು ಹೋದಿರಿ.

ಕೆಲಸ ಬೇಡಲು ಬರೆಯುತ್ತಿಲ್ಲ. ಆ ಮಿಷನ್ನಿನ ಡ್ರಾಯರಿನಲ್ಲಿ ನನ್ನ ಕತ್ತರಿ ಇದೆ. ಬರುವ ಸೋಮವಾರ ಹೊತ್ತು ಮುಳುಗುವ ಮೊದಲು ನೀವೇ ತಂದು ಕೊಡಿ. ಕನ್ನಡದಲ್ಲಿ ಬರೆದಿದ್ದೇನೆ, ಅರ್ಥ ಕೇಳಿ ಯಾರ ಮುಂದೆಯೂ ನಗೆಪಾಟಲಾಗಬೇಕಿಲ್ಲ.

ನಮ್ಮ ಬಾಗಿಲು ಅಮಾವಾಸ್ಯೆಗೂ ತೆರೆದಿರುತ್ತದೆ.

ಮೀನಾಕ್ಷಿ