ಸಡಿಲಿಸಿದ ತಂತಿ

ಮಾರ್ಚ್ 3

ಬ್ಯಾಂಡ್ ಪ್ರಾಕ್ಟೀಸ್ ಮುಗಿಸಿ ಬಂದೆ. ಬಲ ಮಣಿಕಟ್ಟಿಗೆ ಐಸ್ ಕಟ್ಟಿಕೊಂಡು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿಕಾಲಿನಂತಿದೆ.

ಅಣ್ಣ ಇವತ್ತೂ ಕೊನೆಯ ಹಾಡಿನ ಆ ಎತ್ತರದ ಸ್ವರ ಮುಟ್ಟಿದ. ಮುಟ್ಟಿ ಮೀಸೆ ತಿರುವಿದ. "ನೋಡಿದ್ಯಾ? ಇಪ್ಪತ್ತೈದು ವರ್ಷ ಆಯ್ತು, ಒಂದು ಕೂದಲೂ ಅಲ್ಲಾಡಿಲ್ಲ!" ಅಲ್ಲಾಡಲು ಕೂದಲು ಉಳಿದಿದ್ದರೆ ತಾನೇ. ನಾನು ಗಿಟಾರ್ ಗುಂಡನ ಕಡೆ ನೋಡಲಿಲ್ಲ, ಅವನೂ ನನ್ನ ಕಡೆ ನೋಡಲಿಲ್ಲ.

ಗುಂಡ ತಂತಿ ಸಡಿಲಿಸಿ ಶ್ರುತಿ ಇಳಿಸಿದ್ದಾನೆ. ಹಾಡೇ ಕೆಳಗಿಳಿದು ಅಣ್ಣನ ದನಿಗೆ ಸಿಗುತ್ತಿದೆ. ಅಣ್ಣನಿಗೆ ಗೊತ್ತಿಲ್ಲ. ಇಳಿಸು ಅಂದವಳು ನಾನೇ... ಹೋದ ವರ್ಷ ದನಿ ಒಡೆದಾಗ ಅವನ ಮುಖ ನೋಡಲಾಗಲಿಲ್ಲ.

"ಈ ಬ್ಯಾಂಡಿನ ಕಾಲ ಮುಗಿಯಿತೇ?" ಅಂತ ಪೇಪರ್‌ನಲ್ಲಿ ಬಂದಿತ್ತು. ಅಣ್ಣ ಅದನ್ನು ಕತ್ತರಿಸಿ ಆಂಪ್ಲಿಫೈಯರ್ ಮೇಲೆ ಅಂಟಿಸಿದ್ದಾನೆ. "ಇಪ್ಪತ್ತೊಂದನೇ ತಾರೀಕಿನ ಷೋನಲ್ಲಿ ಉತ್ತರ ಕೊಡ್ತೀನಿ. ಮೊದಲನೇ ರೆಕಾರ್ಡಲ್ಲಿ ಹೇಗಿತ್ತೋ ಹಾಗೇ. ಆಗ್ಲಿಲ್ಲಾಂದ್ರೆ ಬ್ಯಾಂಡ್ ಮುಚ್ಚಿ ಮನೇಲಿ ಕೂತ್ಕೋತೀನಿ." ಹೇಳಿದರೆ ಮಾಡುವವನೇ. ಸಿಗರೇಟು ಬಿಟ್ಟಿದ್ದೂ ಹೀಗೇ.

ಬ್ಯಾಂಡ್ ಮುಚ್ಚಿದರೆ ನಾನೇನು ಮಾಡಲಿ? ಡ್ರಮ್ಸ್ ಬಿಟ್ಟು ಬೇರೇನೂ ಕಲಿತಿಲ್ಲ. ಸದ್ಯ, ನನ್ನ ವೇಗಕ್ಕೇನೂ ಧಾಡಿಯಿಲ್ಲ. ಇಯರ್‌ಫೋನಿನಲ್ಲಿ ವೇಗ ಹೇಳುವ ಕ್ಲಿಕ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ಗುಂಡ ಸೆಟ್ ಮಾಡಿಕೊಡುತ್ತಾನೆ, ನಾನು ಅದರ ಜೊತೆ ಕೂದಲೆಳೆ ತಪ್ಪದೆ ಹೋಗುತ್ತೇನೆ.

ಮಾರ್ಚ್ 6

ಮೇಷ್ಟ್ರು ಬರುತ್ತಾರಂತೆ! ಮೊದಲನೇ ರೆಕಾರ್ಡಿನಲ್ಲಿ ಆರ್ಗನ್ ನುಡಿಸಿದವರು, ಆಮೇಲೆ ಸ್ಕೂಲಿಗೆ ಪಾಠ ಹೇಳಲು ಹೋದವರು. ಅಣ್ಣನೇ ಕರೆದಿದ್ದಾನೆ. ಹಳೇ ಆರ್ಗನ್ ಸಮೇತ.

ಆರ್ಗನ್‌ಗೆ ಸಡಿಲಿಸಲು ತಂತಿ ಎಲ್ಲಿದೆ? ಗುಂಡನಿಗೆ ಫೋನ್ ಮಾಡಿದೆ. "ಸತ್ವಿ ಕಣಮ್ಮ" ಅಂದ, ಅಷ್ಟೇ.

ಮಾರ್ಚ್ 9, ಸಂಜೆ

ಮೇಷ್ಟ್ರು ಮೊದಲ ಸಾಲು ನುಡಿಸಿ ನಿಲ್ಲಿಸಿದರು. "ಯಾರೋ ಶ್ರುತಿ ಬಿಟ್ಟಿದೀರಲ್ರೋ."

ಗುಂಡ, "ಓ, ನಂದೇ ಇರ್ಬೇಕು, ಹೊಸ ತಂತಿ" ಎಂದು ಬಿಗಿ ಮಾಡಿದ. ಅಣ್ಣ ಹಾಡಿದ. ಆ ಸ್ವರದ ಹತ್ತಿರ ಹೋಗುತ್ತಲೇ ದನಿ ಒಡೆದು ಚೂರಾಯಿತು.

ಅಣ್ಣ ನೀರು ಕುಡಿದ. "ನೆಗಡಿ" ಅಂದ.

ಮೇಷ್ಟ್ರ ಬಾಯಿ ಮುಚ್ಚಿಸುವವರು ಯಾರು? "ಅದಿರ್ಲಿ, ಹಾಡು ಇಷ್ಟು—" ಎಂದು ಶುರು ಮಾಡಿದರು. ಗುಂಡ ಎದ್ದು ನಿಂತು, "ಟೀ! ಎಲ್ರೂ ಟೀ ಕುಡಿಯೋಣ!" ಎಂದು ಕೂಗಿದ. ಪಾಪ, ಅಣ್ಣನ ಮಾನ ಉಳಿಸಲು ಎಷ್ಟು ಒದ್ದಾಡುತ್ತಾನೆ.

ಮಾರ್ಚ್ 15

ಅತ್ತಿಗೆ ಫೋನ್. "ಬಾತ್‌ರೂಮ್ ಬಾಗಿಲು ಹಾಕ್ಕೊಂಡು ದಿನಾ ಕಿರುಚ್ತಾರೆ ಕಣೇ. ನಿನ್ನೆ ಉಗುಳಿದ್ರಲ್ಲಿ ರಕ್ತ ಇತ್ತು. ಏನು ಅಂತ ಕೇಳಿದ್ರೆ ಬಾಯಿ ಬಿಡಲ್ಲ."

ಹೋದೆ. ಅಣ್ಣನಿಗೆ ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ನಿಂತು, ಒಂದೇ ಉಸಿರಿಗೆ. ತಂತಿ ಇಳಿಸಿದ್ದು, ಇಳಿಸಲು ಹೇಳಿದ್ದು ನಾನೇ ಅನ್ನುವುದು, ಎಲ್ಲಾ.

ಅಣ್ಣ ಲೋಟ ತೊಳೆಯುತ್ತಿದ್ದ. ತೊಳೆದ ಲೋಟವನ್ನೇ ಮತ್ತೆ ತೊಳೆದ. ಬೈಯುತ್ತಾನೆ ಅಂದುಕೊಂಡಿದ್ದೆ.

"ಗುಂಡನಿಗೇ ಹೇಳಿದ್ದಾ?"

"ಹೂಂ."

"ನಾನೂ ಅವನಿಗೇ ಹೇಳಿದ್ದು."

"ಏನಂತ?"

"ನಿನ್ನ ಕ್ಲಿಕ್ ನಿಧಾನ ಮಾಡು ಅಂತ. ಕೈ ನೋವಲ್ಲಿ ನೀನು ಹಲ್ಲು ಕಚ್ಕೊಂಡು ಬಾರಿಸೋದು ನನಗೆ ನೋಡೋಕಾಗ್ತಿರ್ಲಿಲ್ಲ."

ಬಾಗಿಲು ದಢಾರನೆ ಹಾಕಿಕೊಂಡು ಬಂದೆ. ನನಗೆ ಕರುಣೆ ತೋರಿಸಲು ಇವನ್ಯಾರು!

ಮಾರ್ಚ್ 16

ಹಳೇ ರೆಕಾರ್ಡ್ ಹಾಕಿಕೊಂಡು ಜೊತೆಗೆ ಬಾರಿಸಿದೆ. ಎರಡನೇ ಚರಣಕ್ಕೇ ಹಿಂದೆ ಬಿದ್ದೆ. ಮತ್ತೆ ಹಾಕಿದೆ. ಮತ್ತೆ ಬಿದ್ದೆ. ಕೋಲು ಗೋಡೆಗೆ ಎಸೆದು ಅತ್ತೆ. ಇಷ್ಟು ದಿನ ನಾನು ಹೆಮ್ಮೆಪಟ್ಟಿದ್ದು ಯಾರ ವೇಗಕ್ಕೆ?

ಮಾರ್ಚ್ 21

ಗ್ರೀನ್ ರೂಮ್. ಕೊನೆಯ ಹಾಡಿಗೆ ಮುಂಚಿನ ಬಿಡುವು. ಅಣ್ಣನೂ ನಾನೂ ಇಷ್ಟು ದಿನ ಮಾತಾಡಿರಲಿಲ್ಲ. ಗುಂಡ ಬಾಗಿಲಿಗೆ ಅಡ್ಡ ನಿಂತ.

"ಮೇಲೋ ಕೆಳಗೋ? ಜೋರೋ ನಿಧಾನವೋ? ಇಬ್ರೂ ಎದುರೆದುರೇ ಹೇಳಿ. ನನ್ನ ಕಿವೀಲಿ ಪಿಸುಗುಟ್ಟಿದ್ದು ಸಾಕು. ನನಗೆ ಬಿ.ಪಿ. ಬಂದಿದೆ."

ಅಣ್ಣ ಕನ್ನಡಿ ನೋಡುತ್ತಾ ಕೂತಿದ್ದ. ಬೆವರಿದ್ದ. ಆಮೇಲೆ, ಬಹಳ ಮೆಲ್ಲಗೆ, "ಇಳಿಸು" ಅಂದ. ಆ ಒಂದು ಮಾತಿಗೆ ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಯರ್‌ಫೋನ್ ಕಿತ್ತು ಗುಂಡನ ಕೈಗೆ ಕೊಟ್ಟೆ. "ನನ್ನ ಕೈ ಎಷ್ಟು ಓಡತ್ತೋ ಅಷ್ಟು."

"ಆದ್ರೆ ಆರ್ಗನ್?" ಅಂದ ಗುಂಡ.

ಮೇಷ್ಟ್ರು ಬಾಯಿಬಿಟ್ಟು ನಮ್ಮನ್ನು ನೋಡಿದರು. "ಬೆರಳು ಪಕ್ಕಕ್ಕೆ ಸರಿಸಿಕೊಂಡ್ರೆ ಆಯ್ತು. ಕೆಳಗಿನ ಶ್ರುತೀಲಿ ನುಡಿಸೋಕೆ ನನಗೆ ಬರಲ್ವೇನ್ರೋ? ಅವತ್ತೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ!"

ಹೇಳಿದ್ದರೆ ಆಗುತ್ತಿತ್ತು. ಅಣ್ಣ ಕೆಮ್ಮಿ ಕೆಮ್ಮಿ ನಕ್ಕ.

ಅವನೊಬ್ಬನೇ ಮೊದಲು ಸ್ಟೇಜಿಗೆ ಹೋಗಿದ್ದಾನೆ. ಮೈಕ್ ಇಲ್ಲಿಗೂ ಕೇಳುತ್ತಿದೆ. "ಈ ಹಾಡನ್ನ ಈಗ ನಾನು ಕೆಳಗಿನ ಶ್ರುತೀಲಿ ಹಾಡ್ತೀನಿ. ಮೇಲೆ ಹೋಗೋಕೆ ನನ್ನಿಂದ ಆಗಲ್ಲ." ಅಯ್ಯೋ... ಹಾಲ್‌ನಲ್ಲಿ ಯಾರೂ ಪಿಟ್ಟೆನ್ನುತ್ತಿಲ್ಲ. ಯಾರಾದರೂ ಚಪ್ಪಾಳೆ ತಟ್ಟಬಾರದೇ? ಒಬ್ಬರಾದರೂ?

"ಡ್ರಮ್ಸಲ್ಲಿ ನನ್ನ ತಂಗಿ. ಅವಳ ಕೈಯೂ—"

ಇವನಿಗೇನು ಬಂತು! ಎಲ್ಲಿ ನನ್ನ ಕೋಲು, ಇವನ ಬಾಯಿ ಮೊದಲು ಮುಚ್ಚಿಸ—