ಕೊಬ್ಬರಿ ಮನೆಯ ಬಾಗಿಲ ಗಾಲಿ

ಹಾಲ್ಕುರಿಕೆ
೧೫ ಡಿಸೆಂಬರ್ ೨೦೨೪

ಪರಮಪೂಜ್ಯ ಅಕ್ಕ ಶಿಲ್ಪಮ್ಮನವರ ಪಾದಗಳಿಗೆ,

ತಮ್ಮನೆಂಬ ತುಂಟ ಪ್ರಾಣಿ ಪುನೀತ ಅಡ್ಡಬಿದ್ದು ಬರೆಯುವುದೇನೆಂದರೆ, ನಾವೆಲ್ಲ ಇದ್ದೇವೆ. ಕ್ಷೇಮ ಎಂಬ ಪದವನ್ನು ಈ ಸಲ ಬಿಟ್ಟಿದ್ದೇನೆ. ಹದಿನೈದು ದಿನದಿಂದ ಬರೆಯಲು ಕೂತು ಏಳುತ್ತಿದ್ದೇನೆ, ತಡವಾದದ್ದಕ್ಕೆ ಬೈದುಕೋ. ಫೋನ್ ಮಾಡಿದರೆ ಅಮ್ಮ "ಸ್ಪೀಕರ್ ಹಾಕ್ಲಾ" ಅನ್ನುತ್ತಾಳೆ. ಅದಕ್ಕೇ ಕಾಗದ.

ಕೊಬ್ಬರಿ ಮನೆಯ, ಹಳಿಯ ಮೇಲೆ ಪಕ್ಕಕ್ಕೆ ತಳ್ಳುವ ಬಾಗಿಲು ಬಿದ್ದು ಅಮ್ಮನ ಬಲಗಾಲಿನ ಮೂರು ಬೆರಳು ತೆಗೆದದ್ದು ನಿನಗೆ ಗೊತ್ತು. ಗಾಯ ಒಣಗುತ್ತಿದೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ಊರುಗೋಲು ತಂದುಕೊಟ್ಟರೆ, "ನಿಮ್ಮಜ್ಜಿನೇ ಹಿಡೀಲಿಲ್ಲ, ನಾನ್ ಹಿಡೀತೀನಾ?" ಎಂದು ಮೂಲೆಗೆ ಒರಗಿಸಿದಳು. ಹೋದ ವರ್ಷ ಅಟ್ಟಕ್ಕೆ ಹಾಕಿದ ಕಾಯಿ ಹಾಗೇ ಇವೆ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುವವಳು ಅವಳೊಬ್ಬಳೇ. ಅಪ್ಪನಿಗೆ ಎಲ್ಲ ಒಂದೇ ಸದ್ದು.

ಅಪ್ಪನ ತೀರ್ಪು ಮಾತ್ರ ಬಂದಾಗಿದೆ. ಗಾಲಿ ಸವೆದು ಬಾಗಿಲು ಬಿತ್ತು. ದೀಪಾವಳಿಗೆ ಮುಂಚೆ ಅದಕ್ಕೆ ಗ್ರೀಸ್ ಹಾಕಿ "ಗಟ್ಟಿಯಾಗೈತೆ" ಎಂದವನು ಕಾಡಸಿದ್ದಪ್ಪ. ಆದ್ದರಿಂದ ಅಪರಾಧಿ ಅವನೇ. ಹತ್ತೊಂಬತ್ತು ವರ್ಷ ನಮ್ಮ ಕಾಯಿ ಸುಲಿದ ಮನುಷ್ಯ. "ಗಂಗಣ್ಣ, ನನ್ ಕೈಯಾರೆ ತಿರುಗ್ಸಿ ನೋಡಿದ್ನಪ್ಪ" ಎಂದರೂ ಅಪ್ಪ ಅವನನ್ನು ಒಳಗೆ ಬಿಡಲಿಲ್ಲ. ಈಗ ಬೇರೆ ತೋಟದವರೂ ಕರೆಯುತ್ತಿಲ್ಲ.

ಹೊಸ ಗಾಲಿ ತರುವ ರಾಜಕಾರ್ಯ ನನಗೆ ಬಿತ್ತು. ಹಳೆಯದನ್ನು ಟವೆಲಿನಲ್ಲಿ ಸುತ್ತಿ, ಉತ್ಸವಮೂರ್ತಿಯಂತೆ ಎದೆಗೊತ್ತಿಕೊಂಡು ತಿಪಟೂರಿಗೆ ದಂಡೆತ್ತಿ ಹೋದೆ. ಹಾರ್ಡ್‌ವೇರ್ ಅಂಗಡಿಯ ಸೂರ್ಯಪ್ರಕಾಶ್ ಅದನ್ನು ಕಂಡು ಕನ್ನಡಕ ತೆಗೆದರು. "ಇದು ನಿಮ್ ತಾತನ ಕಾಲದ್ದು ಕಣಪ್ಪ. ಈಗೆಲ್ಲ ಚಾನಲ್ ಒಳಗೆ ಓಡೋ ರೋಲರ್. ಹಳಿನೂ ಕಿತ್ತಾಕ್ಬೇಕು." ತುರುವೇಕೆರೆಯ ಗುಜರಿಯಲ್ಲಿ ಒಂದು ಸಿಕ್ಕಿತು, ನಮ್ಮ ಹಳಿಯ ಮೇಲೆ ಕೂರಲಿಲ್ಲ.

ಕಡೆಗೆ ಚಿಕ್ಕನಾಯಕನಹಳ್ಳಿಯ ಲೇತ್ ತಿಪ್ಪಯ್ಯ. ಗಾಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಯಾರ್ಲಾ ಸವ್ದೈತೆ ಅಂದೋರು? ನಿನ್ ಮಕ್ಕಳ ಕಾಲಕ್ಕೂ ಬತ್ತೈತೆ."

"ಆದ್ರೂ ಇಂಥವೇ ಎರಡು ಮಾಡ್ಕೊಡಿ."

"ಚೆನ್ನಾಗಿರೋದಕ್ಕೆ ಯಾಕ್ಲಾ ಬೇರೆ?"

ನಾನು ಮುಂಗಡದ ದುಡ್ಡು ಎಣಿಸಿ ಅವರ ಮುಂದಿಟ್ಟೆ. ಅವರು ಲೇತಿನಲ್ಲಿ ಕಡೆದು ಕೊಟ್ಟರು. ಮೊನ್ನೆ ಹಾಕಿದೆವು. ಬಾಗಿಲು ಒಂದೇ ಬೆರಳಿಗೆ ಓಡುತ್ತದೆ. ಅಪ್ಪ, "ನೋಡ್ದಾ, ಗಾಲಿದೇ ತಪ್ಪು" ಎಂದ. ಅಮ್ಮ ಜಗಲಿಯಿಂದ ನನ್ನನ್ನೇ ನೋಡುತ್ತಿದ್ದಳು.

ಭಾವನಿಗೆ ನಮಸ್ಕಾರ. ಮೋಕ್ಷಿತನ ತಲೆಯ ಮೇಲೆ ಸೋದರಮಾವ ಎರಡೂ ಕೈ ಇಟ್ಟು, ನೂರು ವರ್ಷ ಬಾಳು, ಮಾವನ ಬುದ್ಧಿಯೊಂದು ಬಾರದಿರಲಿ ಎಂದು ಹರಸಿದ್ದಾನೆಂದು ಹೇಳು.

ನಿನ್ನ ತಮ್ಮ,
ಪುನೀತ

ವಿ.ಸೂ.: ಅವತ್ತು ಅಮ್ಮ ಒಳಗೆ ಕಾಯಿ ನೋಡುತ್ತಿದ್ದಳು. ನಾನು ತಮಾಷೆಗೆ ಹೊರಗಿನಿಂದ ಬಾಗಿಲು ಎಳೆದು ಹಿಡಿದೆ. "ಕತ್ಲೆ ಕಣ್ಲಾ, ಬುಡ್ಲಾ" ಎಂದು ನಗುತ್ತಲೇ ಮೈಭಾರ ಹಾಕಿ ತಳ್ಳಿದಳು. ನಾನು ತಟ್ಟನೆ ಬಿಟ್ಟೆ. ಅವಳು ಮುಗ್ಗರಿಸಿದಳು, ಬಾಗಿಲು ಹಳಿಯ ತುದಿ ದಾಟಿ ಕಾಲಿನ ಮೇಲೆ ಬಿತ್ತು. ಆಸ್ಪತ್ರೆಗೆ ಹೋಗುವಾಗ ನನ್ನ ಕೈ ಹಿಡಿದು, "ಗಾಲಿ ಸವ್ದಿತ್ತು ಅನ್ನು. ನಿಮ್ಮಪ್ಪ ನಿನ್ನ ಉಳ್ಸಾಕಿಲ್ಲ" ಎಂದಳು. ಅಂದೆ. ಅದು ಕಾಡಸಿದ್ದಪ್ಪನ ತಲೆಯ ಮೇಲೆ ಬಿತ್ತು. ನಿನ್ನೆ, "ಅಪ್ಪಂಗೆ ಹೇಳ್ಬುಡ್ತೀನಿ ಕಣಮ್ಮ" ಎಂದೆ. "ಬ್ಯಾಡ. ಕಾಡಸಿದ್ದಪ್ಪಂಗೆ ಬ್ಯಾರೆ ಕಡೆ ಕೆಲ್ಸ ಸಿಗ್ತೈತೆ. ನಂಗೆ ಇನ್ನೊಬ್ಬ ಮಗ ಎಲ್ಲವ್ನೆ?" ಎಂದಳು.

ಆದರೂ ಇವತ್ತು ಬೆಳಿಗ್ಗೆ ಕಾಡಸಿದ್ದಪ್ಪನ ಮನೆಗೆ ಹೋದೆ. ಹೊಸ ಗಾಲಿಯ ಸುದ್ದಿ ಅವನಿಗೆ ಮುಟ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ, "ನನ್ ಕಣ್ಣೇ ಮಂಜಾಗವೆ ಕಣಪ್ಪ. ಸವ್ದಿದ್ದು ಕಾಣ್ನಿಲ್ಲ. ತಪ್ಪಾಯ್ತು ಅಂತ ಅಮ್ಮಂಗೆ ಹೇಳು" ಎಂದು ಕೈ ಮುಗಿದ.

ಹೇಳುತ್ತೇನೆ ಎಂದು ಬಂದುಬಿಟ್ಟೆ, ಅಕ್ಕ.