ಬಿಲ್ಲು ಅಟ್ಟಕ್ಕೆ ಸೇರಿದ ದಿನ

೧೧ ಜುಲೈ ೨೦೦೩, ಶುಕ್ರವಾರ. ಬೈಲಹೊಂಗಲ.

ಹಜರತಸಾಬನ ಮಗಳು ಫರೀನಳಿಗೆ ತಹಶೀಲ್ದಾರರು ಪಿಂಜಾರ ಜಾತಿಯ ಪ್ರಮಾಣಪತ್ರ ಕೊಡಲಿಲ್ಲ. ಅದಿಲ್ಲದೆ ಶಿಕ್ಷಕರ ತರಬೇತಿಯ ಸೀಟಿಲ್ಲ. ಸೋಮವಾರವೇ ಕೊನೆಯ ದಿನ.

ಶಾಲೆಯ ದಾಖಲೆಯಲ್ಲಿ ಬರೀ ‘ಮುಸ್ಲಿಂ’ ಎಂದಿದೆ. ಹಾಗಾಗಿ ಇವರು ಪಿಂಜಾರರು ಹೌದೋ ಅಲ್ಲವೋ ಎಂದು ನೋಡಲು ನಿನ್ನೆ ಅಧಿಕಾರಿಯೊಬ್ಬರು ಮನೆಗೇ ಬಂದಿದ್ದರು. ದೊಡ್ಡವರು ಬರುತ್ತಾರೆಂದು ಹುಡುಗಿಯ ತಾಯಿ ನೂರಬಿ ಅರಳೆ ಹಿಂಜುವ ಬಿಲ್ಲನ್ನು ಅಟ್ಟಕ್ಕೆ ಸೇರಿಸಿ, ಧೂಳು ಗುಡಿಸಿ, ಗೋಡೆಗೆ ಸುಣ್ಣ ಬಳಿದಿದ್ದಾಳೆ! ಕಸಬಿನ ಗುರುತು ಕಾಣಲಿಲ್ಲವೆಂದು ಅವರು ಬರೆದುಕೊಂಡು ಹೋದರು.

“ಮಂದಿ ಬಂದ್ರ ಅರಳಿ ಧೂಳಿನ್ಯಾಗ ಹೆಂಗ ಕುಂದ್ರಸೂದ್ರಿ ರಾಯರ?” ಎಂದು ನನ್ನೆದುರು ಅತ್ತಳು.

ನನ್ನ ಮದುವೆಯ ಗಾದಿಗೆ ಹಜರತಸಾಬನ ಅಪ್ಪ ನಮ್ಮ ಅಂಗಳದಲ್ಲೇ ಅರಳೆ ಹಿಂಜಿದ್ದ. ಇಂದು ಅಪ್ಪ-ಮಗಳ ಜೊತೆ ಕಚೇರಿಗೆ ಹೋಗಿ ಅದನ್ನು ಹೇಳಿದೆ. ಹಿಂದುಳಿದ ವರ್ಗಗಳ ಪಟ್ಟಿ, ಸಂವಿಧಾನದ ಕಲಮು, ಎಲ್ಲವನ್ನೂ ಕೂಗಿ ಹೇಳಿದೆ. “ನಿಮ್ಮ ನೆನಪು ದಾಖಲೆ ಆಗೂದಿಲ್ರಿ. ಅಪೀಲ್ ಮಾಡ್ರಿ,” ಎಂದರು. ಅಪೀಲು ಮುಗಿಯುವ ಹೊತ್ತಿಗೆ ಸೀಟು ಇನ್ನೊಬ್ಬರದಾಗಿರುತ್ತದೆ. ಇಷ್ಟು ವರ್ಷ ಇವರನ್ನು ಪಿಂಜಾರರೆಂದು ದೂರ ಇಟ್ಟವರು ಯಾವ ದಾಖಲೆ ನೋಡಿದ್ದರು?

ಹೊರಗೆ ಬಂದ ಮೇಲೆ ಹಜರತಸಾಬ ನಕ್ಕ. “ಬೀಗತನಕ್ಕ ಬಂದಾವ್ರು, ಇವರು ಪಿಂಜಾರ್ರು ಅಂತ ಎದ್ದು ಹೋದ್ರು. ಸಾಹೇಬ್ರು, ಇವರು ಪಿಂಜಾರ್ರಲ್ಲ ಅಂತ ಎದ್ದು ಹೋದ್ರು. ಇಬ್ಬರಿಗೂ ಚಾ ಕೊಟ್ಟಾಕಿ ನಮ್ಮ ಫರೀನಽ ನೋಡ್ರಿ.”

ನಾನೂ ನಕ್ಕುಬಿಟ್ಟೆ. ಫರೀನ್ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ಇಷ್ಟೆಲ್ಲ ಓದಿದ ರಾಯರಿಗೆ ಇನ್ನೊಂದು ದಾರಿ ಗೊತ್ತಿದ್ದೇ ಇರುತ್ತದೆ ಎನ್ನುವ ಹಾಗೆ.